ಕಬ್ಬಿನ ಉಣ್ಣೆ ಹೇನಿಗೆ ನಿಮ್ಮ ಹೊಲದಲ್ಲೇ ಮಿತ್ರಕೀಟ ಸಾಕಿರಿ



ಮಳೆಗಾಲದಲ್ಲಿ ನಾಲ್ಕಾರು ದಿನ ಮೋಡ ಮುಸುಕಿ, ಬಿಸಿಲು ಕಾಣದೆ ಇದ್ದಾಗ ನಿಮ್ಮ ಕಬ್ಬಿನ ಹೊಲಕ್ಕೆ ಹೋಗಿ ಒಂದು ಗರಿಯನ್ನು ಮಗುಚಿ ನೋಡಿರಿ. ಗರಿಯ ಕೆಳಮೈಯಲ್ಲಿ, ನಡುನರದ ಎರಡೂ ಬದಿಗೆ, ಹಿಂಜಿದ ಅರಳೆ ಅಂಟಿಸಿದಂತೆ ಬೆಳ್ಳಗೆ ಕಂಡರೆ ಅದು ಉಣ್ಣೆ ಹೇನು. ಗಡಿಯಾಚೆಯ ಮರಾಠಿ ರೈತರು ಇದನ್ನೇ ಲೋಕರಿ ಮಾವಾ ಎನ್ನುತ್ತಾರೆ. ಅದನ್ನು ಕಂಡೊಡನೆ ಪಂಪು ಹೆಗಲಿಗೇರಿಸಬೇಕೆಂದು ಮನಸ್ಸಿಗೆ ಬರುವುದು ಸಹಜ. ಆದರೆ ಪಂಪು ತೆಗೆಯುವ ಮೊದಲು ಇನ್ನೂ ಹತ್ತು ಗರಿ ಮಗುಚಿ ನೋಡಿರಿ. ಆ ಬಿಳಿ ಉಣ್ಣೆಯ ನಡುವೆ ನಿಮ್ಮ ಕೆಲಸವನ್ನು ಆಗಲೇ ಪ್ರಾರಂಭಿಸಿದ ಬೇರೊಂದು ಹುಳು ಇರಬಹುದು. ಅದನ್ನು ಗುರುತಿಸುವುದು, ಉಳಿಸುವುದು, ಹೆಚ್ಚಿಸುವುದು ಹೇಗೆಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

2002ರ ಪಾಠ

ಉಣ್ಣೆ ಹೇನು ನಮ್ಮ ದೇಶಕ್ಕೆ ಹೊಸದಲ್ಲ. ಜಾವಾ ದ್ವೀಪದ ಕಬ್ಬಿನಲ್ಲಿ ಇದನ್ನು 19ನೆಯ ಶತಮಾನದ ಕೊನೆಯಲ್ಲಿಯೇ ಗುರುತಿಸಲಾಗಿತ್ತು. ಭಾರತದಲ್ಲಿ 1958ರಲ್ಲಿ ಪಶ್ಚಿಮ ಬಂಗಾಳದಿಂದ ವರದಿಯಾಯಿತು. ಅಸ್ಸಾಂ, ನಾಗಾಲ್ಯಾಂಡ್ ಮುಂತಾದ ಈಶಾನ್ಯ ರಾಜ್ಯಗಳಲ್ಲಿಯೂ ಇದು ಬಹುಕಾಲದಿಂದ ಇದೆ. ಆದರೆ ದಕ್ಷಿಣದ ಕಬ್ಬಿಗೆ ಇದರ ಪರಿಚಯವಿರಲಿಲ್ಲ.

2002ರ ಜುಲೈ ತಿಂಗಳಲ್ಲಿ ಇದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. ಸಾಂಗಲಿ, ಮೀರಜ ನಮ್ಮ ಕಾಗವಾಡಕ್ಕೆ ಎಷ್ಟು ಸಮೀಪವೆಂಬುದು ನಿಮಗೆ ಗೊತ್ತೇ ಇದೆ. ಕೃಷ್ಣೆಯ ಎರಡೂ ದಂಡೆಗಳಲ್ಲಿ ಕಬ್ಬು ಮಧ್ಯೆ ಬಿಡುವಿಲ್ಲದಂತೆ ಹಬ್ಬಿದೆ. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಕಬ್ಬಿನ ಗಾಡಿ, ಟ್ರ್ಯಾಕ್ಟರು, ದನದ ಮೇವಿಗೆ ಒಯ್ಯುವ ವಾಡೆ ಎಲ್ಲವೂ ಗಡಿ ದಾಟುತ್ತವೆ. ಅದೇ ವರ್ಷ ಹೇನು ಬೆಳಗಾವಿ ಜಿಲ್ಲೆಯನ್ನು ಪ್ರವೇಶಿಸಿತು. ಮುಂದಿನ ಒಂದೆರಡು ವರ್ಷಗಳಲ್ಲಿ ಉತ್ತರ ಕರ್ನಾಟಕದ ಕಬ್ಬಿನ ಪ್ರದೇಶವನ್ನೆಲ್ಲ ಆವರಿಸಿತು. ಬರಗಾಲವೂ ಅದೇ ವರ್ಷಗಳಲ್ಲಿ ಬಿದ್ದಿದ್ದರಿಂದ ರೈತರಿಗೆ ಎರಡೂ ಕಡೆಯಿಂದ ಪೆಟ್ಟಾಯಿತು.

ಆಗ ಸಿಕ್ಕ ಔಷಧಗಳನ್ನೆಲ್ಲ ಸಿಂಪಡಿಸಲಾಯಿತು. ಕೆಲವರು ಫೋರೇಟ್ ಹರಳು ಹಾಕಿದರು. (ಈ ಹರಳನ್ನು ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಇದ್ದರೂ ಬಳಸಕೂಡದು.) ಆದರೆ ಆ ಪಿಡುಗನ್ನು ವಿಸ್ತಾರವಾದ ಪ್ರದೇಶದಲ್ಲಿ ತಗ್ಗಿಸಿದ್ದು ಮುಖ್ಯವಾಗಿ ಔಷಧವಲ್ಲ, ಕೀಟಗಳು. ಹೇನು ಬಂದ ಹಿಂದೆಯೇ ಹೇನನ್ನು ತಿನ್ನುವ ಡೈಫಾ ಎಂಬ ಪತಂಗದ ಕೀಡೆ ಮತ್ತು ಮೈಕ್ರೋಮಸ್ ಎಂಬ ಕಂದು ಜಾಲರೆಕ್ಕೆಯ ಕೀಟ ಹೊಲಗಳಲ್ಲಿ ಕಾಣಿಸಿಕೊಂಡವು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಆಗ ಬೆಂಗಳೂರಿನಲ್ಲಿದ್ದ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯದ ವಿಜ್ಞಾನಿಗಳು ಇವುಗಳನ್ನು ಅಭ್ಯಸಿಸಿ, ಹೊಲದಲ್ಲಿಯೇ ವೃದ್ಧಿಪಡಿಸುವ ಕ್ರಮವನ್ನು ರೈತರಿಗೆ ತೋರಿಸಿದರು. ಆ ನಿರ್ದೇಶನಾಲಯವೇ ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಸಂಸ್ಥೆಯಾಗಿದೆ.

ಹೇನು ನಿರ್ನಾಮವಾಗಿಲ್ಲ. ಇಂದಿಗೂ ಮಳೆಗಾಲದಲ್ಲಿ ಅಲ್ಲಲ್ಲಿ ತಲೆ ಎತ್ತುತ್ತದೆ. ಆದ್ದರಿಂದ ಹಳೆಯ ಪಾಠವನ್ನು ಮರೆಯುವಂತಿಲ್ಲ.

ಹೇನಿನ ಸ್ವಭಾವ

ಶತ್ರುವಿನ ಸ್ವಭಾವ ತಿಳಿದರೆ ಅರ್ಧ ಕೆಲಸವಾದಂತೆ. ಉಣ್ಣೆ ಹೇನಿನಲ್ಲಿ ಹೆಣ್ಣು ಗಂಡಿನ ಸಂಪರ್ಕವಿಲ್ಲದೆಯೇ ನೇರವಾಗಿ ಮರಿಗಳನ್ನು ಹಾಕುತ್ತದೆ. ಮರಿಗಳು ನಾಲ್ಕು ಸಲ ಪೊರೆ ಕಳಚಿ ಬೆಳೆಯುತ್ತವೆ. ಬೆಳೆದಂತೆ ಮೈಮೇಲೆ ಮೇಣದಂಥ ಬಿಳಿ ಉಣ್ಣೆ ಬರುತ್ತದೆ. ಹಿಂಡು ದಟ್ಟವಾದಾಗ ರೆಕ್ಕೆಯುಳ್ಳ ಹೇನುಗಳು ಹುಟ್ಟಿ ಗಾಳಿಯೊಡನೆ ಬೇರೆ ಹೊಲಗಳಿಗೆ ಹಾರುತ್ತವೆ.

ಹೇನು ಗರಿಯ ರಸ ಹೀರಿ ಸಿಹಿಯಾದ ಅಂಟು ದ್ರವವನ್ನು ವಿಸರ್ಜಿಸುತ್ತದೆ. ಅದು ಕೆಳಗಿನ ಗರಿಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಮುಚ್ಚಿದ ಗರಿಗೆ ಬಿಸಿಲು ತಾಗದೆ ಆಹಾರ ತಯಾರಿಕೆ ಕುಗ್ಗುತ್ತದೆ. ಬಾಧೆ ಹೆಚ್ಚಾದರೆ ಗರಿಗಳು ತುದಿಯಿಂದ ಒಣಗುತ್ತವೆ, ಕಬ್ಬಿನ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ತಂಪು, ಮೋಡ ಮತ್ತು ತೇವದ ಹವೆ ಹೇನಿಗೆ ಅನುಕೂಲ. ಬೇಸಿಗೆಯ ಬಿಸಿಲಿನಲ್ಲಿ ಅದು ತಾನಾಗಿಯೇ ಕಡಿಮೆಯಾಗುತ್ತದೆ.

ಔಷಧ ಏಕೆ ಸಾಲದು?

ಆರೇಳು ತಿಂಗಳ ಕಬ್ಬು ಆಳೆತ್ತರ ಮೀರಿ, ಗರಿಗೆ ಗರಿ ಹೆಣೆದುಕೊಂಡು ನಿಂತಿರುತ್ತದೆ. ಅದರೊಳಗೆ ನುಗ್ಗಿ ಪ್ರತಿ ಗರಿಯ ಕೆಳಮೈಗೆ ಔಷಧ ತಾಗಿಸುವುದು ಆಗದ ಮಾತು. ತಾಗಿದರೂ ಮೇಣದ ಹೊದಿಕೆ ಹೇನನ್ನು ಸ್ವಲ್ಪಮಟ್ಟಿಗೆ ಕಾಯುತ್ತದೆ. ತಲೆಯ ಮೇಲಿನ ಗರಿಗೆ ಹೊಡೆದ ವಿಷ ಹೊಡೆಯುವವನ ಮೈಮೇಲೆಯೇ ಇಳಿಯುತ್ತದೆ ಎಂಬುದನ್ನೂ ಮರೆಯಬಾರದು.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಅಕ್ಕಪಕ್ಕದ ಎರಡು ತಾಕುಗಳನ್ನು ಊಹಿಸಿಕೊಳ್ಳಿರಿ. ಒಂದಕ್ಕೆ ಔಷಧ ಹೊಡೆದಿದೆ. ಅಲ್ಲಿ ಬಹಳಷ್ಟು ಹೇನು ಸತ್ತಿದೆ, ಅದನ್ನು ತಿನ್ನುತ್ತಿದ್ದ ಹುಳುಗಳೂ ಸತ್ತಿವೆ. ಮರೆಯಲ್ಲಿ ಉಳಿದ ಕೆಲವೇ ಹೇನುಗಳು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತ ಕೆಲವೇ ವಾರಗಳಲ್ಲಿ ಗರಿ ತುಂಬುತ್ತವೆ. ಆದರೆ ಡೈಫಾ ಪತಂಗ ಹೊರಗಿನಿಂದ ಬರಬೇಕು, ಮೊಟ್ಟೆ ಇಡಬೇಕು, ಅದರ ಕೀಡೆ ಬೆಳೆಯಬೇಕು. ಇದಕ್ಕೆ ಹೆಚ್ಚು ಕಾಲ ಬೇಕು. ಹೀಗೆ ಔಷಧ ಹೊಡೆದ ತಾಕಿನಲ್ಲಿ ಹೇನು ಮೊದಲು ಮರಳುತ್ತದೆ, ಅದರ ಶತ್ರು ಬಹಳ ತಡವಾಗಿ ಮರಳುತ್ತದೆ. ಎರಡನೆಯ ಸಿಂಪರಣೆ ಅನಿವಾರ್ಯವಾಗುತ್ತದೆ. ಔಷಧ ಹೊಡೆಯದ ತಾಕಿನಲ್ಲಿ ಮೊದಲ ಕೆಲವು ವಾರ ಹೇನು ಹೆಚ್ಚಾಗಿ ಕಂಡರೂ ಮಿತ್ರಕೀಟಗಳು ಅದರ ಹಿಂದೆಯೇ ಏರುತ್ತವೆ.

ಮಿತ್ರರನ್ನು ಗುರುತಿಸಿರಿ

ಬಹಳಷ್ಟು ರೈತರು ಕೀಡೆ ಕಂಡೊಡನೆ ಹೊಸಕಿ ಹಾಕುತ್ತಾರೆ. ಕಬ್ಬಿನಲ್ಲಿ ಕೀಡೆ ಎಂದರೆ ಸುಳಿ ಕೊರೆಯುವುದು, ಕಾಂಡ ಕೊರೆಯುವುದು ಎಂದೇ ನಮ್ಮ ಎಣಿಕೆ. ಆದ್ದರಿಂದ ಕೆಳಗಿನವುಗಳನ್ನು ಮನೆಮಂದಿಗೆಲ್ಲ, ಮುಖ್ಯವಾಗಿ ರವದಿ ಬಿಡಿಸುವ ಕೂಲಿಕಾರರಿಗೆ, ತೋರಿಸಿಕೊಡಬೇಕು.

1. ಡೈಫಾ: ಇದು ಸಣ್ಣ ಮಾಸಲು ಬಣ್ಣದ ಪತಂಗ. ಪತಂಗ ಹೇನು ತಿನ್ನುವುದಿಲ್ಲ, ಅದರ ಕೀಡೆ ತಿನ್ನುತ್ತದೆ. ಕೀಡೆ ಮಾಸಲು ಹಸಿರು ಅಥವಾ ಕಂದುಮಿಶ್ರಿತ ಬಣ್ಣದ್ದು. ಹೇನಿನ ಹಿಂಡಿನ ನಡುವೆಯೇ ತೆಳುವಾದ ರೇಷ್ಮೆಯ ಬಲೆ ನೇಯ್ದುಕೊಂಡು ಅದರ ಮರೆಯಲ್ಲಿ ಮುಂದುವರಿಯುತ್ತ ಹೇನುಗಳನ್ನು ತಿನ್ನುತ್ತದೆ. ಗರಿಯ ಮೇಲೆ ಬಲೆ, ಅದಕ್ಕೆ ಅಂಟಿದ ಬಿಳಿ ಪುಡಿ ಮತ್ತು ಕಪ್ಪು ಹಿಕ್ಕೆ ಕಂಡರೆ ಡೈಫಾ ಕೆಲಸ ಮಾಡುತ್ತಿದೆಯೆಂದು ತಿಳಿಯಿರಿ. ಬೆಳೆದ ಕೀಡೆ ಗರಿಯ ಮೇಲೆಯೇ ಗೂಡು ಕಟ್ಟಿ ಕೋಶವಾಗುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಇದು ಕಬ್ಬನ್ನು ಕೊರೆಯುವುದಿಲ್ಲ.

2. ಮೈಕ್ರೋಮಸ್: ಇದು ಕಂದು ಬಣ್ಣದ, ಜಾಳಿಗೆಯಂಥ ರೆಕ್ಕೆಯುಳ್ಳ ಚಿಕ್ಕ ಕೀಟ. ಮರಿಯ ಮೈ ಕದಿರಿನಂತೆ ಎರಡೂ ತುದಿಗೆ ಚೂಪು. ಬಾಯಲ್ಲಿ ಕುಡಗೋಲಿನಂಥ ಎರಡು ದವಡೆಗಳಿವೆ. ಅವುಗಳಿಂದ ಹೇನನ್ನು ಚುಚ್ಚಿ ರಸ ಹೀರುತ್ತದೆ. ಮರಿಯೂ ಪ್ರೌಢ ಕೀಟವೂ ಹೇನು ತಿನ್ನುವುದು ಇದರ ವಿಶೇಷ. ಸುಮಾರು ಮೂರು ವಾರಗಳಲ್ಲಿ ಒಂದು ಪೀಳಿಗೆ ಮುಗಿಯುವುದರಿಂದ ಬೇಗ ಹೆಚ್ಚುತ್ತದೆ.

3. ಎನ್ಕಾರ್ಸಿಯಾ: ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಕಣಜ. ಹೇನಿನ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನು ಒಳಗಿನಿಂದಲೇ ಕೊಲ್ಲುತ್ತದೆ. 2002ರ ನಂತರದ ವರ್ಷಗಳಲ್ಲಿ ಇದನ್ನು ಈಶಾನ್ಯ ರಾಜ್ಯಗಳಿಂದ ತಂದು ದಕ್ಷಿಣದ ಕಬ್ಬಿನ ಹೊಲಗಳಲ್ಲಿ ಬಿಡಲಾಯಿತು.

4. ಇತರರು: ಗುಲಗಂಜಿ ಹುಳುಗಳು, ಹೂನೊಣದ ಮರಿಗಳು, ಜೇಡಗಳು. ಗುಲಗಂಜಿ ಹುಳುಗಳಲ್ಲಿ ಕಿತ್ತಳೆ ಬಣ್ಣಕ್ಕೆ ಕಪ್ಪು ಚುಕ್ಕೆಗಳಿರುವ ದೊಡ್ಡ ಗಾತ್ರದ ಜಾತಿಯೊಂದು ಉಣ್ಣೆ ಹೇನನ್ನು ಇಷ್ಟಪಟ್ಟು ತಿನ್ನುತ್ತದೆ.

ಹುಳುವಿನಿಂದ ಹುಳುವನ್ನು ಅಡಗಿಸುವುದು ನಮ್ಮ ನಾಡಿಗೆ ಹೊಸ ಮಾತಲ್ಲ. 1898ರಲ್ಲಿಯೇ ಆಸ್ಟ್ರೇಲಿಯಾದಿಂದ ಒಂದು ಜಾತಿಯ ಗುಲಗಂಜಿ ಹುಳುವನ್ನು ಕಾಫಿ ತೋಟಗಳಿಗಾಗಿ ತರಲಾಗಿತ್ತು. ತಂದ ಉದ್ದೇಶ ಫಲಿಸದಿದ್ದರೂ ಅದು ಇಲ್ಲಿ ನೆಲೆನಿಂತು ಹಿಟ್ಟು ತಿಗಣೆಯನ್ನು ತಿನ್ನತೊಡಗಿತು. ಅಥಣಿ ಭಾಗದ ದ್ರಾಕ್ಷಿ ಬೆಳೆಗಾರರು ಹಿಟ್ಟು ತಿಗಣೆಗೆ ಬಿಡಬಹುದಾದ ಕ್ರಿಪ್ಟೋಲೇಮಸ್ ಹುಳು ಅದೇ.

ಹೊಲದಲ್ಲೇ ಏಕೆ ಸಾಕಬೇಕು?

ಕೊರೆಯುವ ಹುಳುವಿನ ಮೊಟ್ಟೆಗೆ ಬಿಡುವ ಟ್ರೈಕೋಗ್ರಾಮಾ ಕಾರ್ಡುಗಳು ಪ್ರಯೋಗಾಲಯದಲ್ಲಿ ತಯಾರಾಗಿ ಬರುತ್ತವೆ. ಡೈಫಾಕ್ಕೆ ಹಾಗಲ್ಲ. ಅದಕ್ಕೆ ಬದುಕಿರುವ ಹೇನು ಬೇಕು, ಹೇನಿಗೆ ಬದುಕಿರುವ ಕಬ್ಬಿನ ಗರಿ ಬೇಕು. ಆದ್ದರಿಂದ ಅದನ್ನು ಸಾಕಲು ಕಬ್ಬಿನ ಹೊಲವೇ ತಕ್ಕ ಜಾಗ, ರೈತನೇ ತಕ್ಕ ಸಾಕಣೆದಾರ. ಇದಕ್ಕೆ ದೊಡ್ಡ ಖರ್ಚೂ ಇಲ್ಲ, ದೊಡ್ಡ ವಿದ್ಯೆಯೂ ಬೇಡ.

ಸಾಕುವ ಕ್ರಮ

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಹೇನು ಇಲ್ಲದ ಊರಿಗೆ ಹುಳು ಸಾಕುವ ನೆಪದಿಂದ ಹೇನನ್ನು ತರಬಾರದು. ನಿಮ್ಮ ಹೊಲದಲ್ಲಿ ಅಥವಾ ಪಕ್ಕದ ಹೊಲದಲ್ಲಿ ಹೇನು ಆಗಲೇ ಇದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿರಿ.

ಅ) ಹೇನು ಇರುವ ಐದಾರು ತಿಂಗಳ ಕಬ್ಬಿನಲ್ಲಿ, ಓಡಾಡಲು ಅನುಕೂಲವಾದ ಒಂದು ಮೂಲೆಯನ್ನು ಆರಿಸಿಕೊಳ್ಳಿರಿ. ಅಲ್ಲಿಗೂ ಅದರ ಸುತ್ತಲಿನ ಸಾಲುಗಳಿಗೂ ಯಾವ ಔಷಧವನ್ನೂ ಹೊಡೆಯಬಾರದು. ಪಕ್ಕದ ಹೊಲದವರಿಗೂ ಮೊದಲೇ ತಿಳಿಸಿರಿ. ಗಾಳಿಗೆ ತೂರಿಬಂದ ಔಷಧವೂ ಮಿತ್ರಕೀಟಗಳಿಗೆ ಮೃತ್ಯು.

ಆ) ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಜಾಗಕ್ಕೆ ನಾಲ್ಕು ಮೂಲೆಯಲ್ಲಿ ಬಿದಿರು ನೆಟ್ಟು, ಕಬ್ಬಿಗಿಂತ ಎತ್ತರಕ್ಕೆ ನೆರಳು ಪರದೆಯನ್ನು ಮೇಲೂ ಸುತ್ತಲೂ ಕಟ್ಟಿರಿ. ಪರದೆಯ ಕೆಳ ಅಂಚನ್ನು ಮಣ್ಣಿನಲ್ಲಿ ಹುಗಿಯಿರಿ. ಒಳಗೆ ಹೋಗಲು ಒಂದು ಕಡೆ ಮಡಚುವಂತೆ ಬಿಡಿರಿ. ಪರದೆಯಿಂದ ಪತಂಗಗಳು ಚದುರಿಹೋಗದೆ ಒಳಗೇ ಮೊಟ್ಟೆ ಇಡುತ್ತವೆ, ತಂಪೂ ಇರುತ್ತದೆ, ಹಕ್ಕಿಗಳ ಕಾಟವೂ ತಪ್ಪುತ್ತದೆ.

ಇ) ಒಳಗಿನ ಕಬ್ಬಿನ ಹೆಚ್ಚಿನ ಗರಿಗಳಲ್ಲಿ ಹೇನು ತುಂಬುವವರೆಗೆ ಕಾಯಿರಿ. ಹೇನು ಕಡಿಮೆಯಿದ್ದರೆ ಅದೇ ಹೊಲದ ಹೇನು ಹಿಡಿದ ಗರಿಯ ತುಂಡುಗಳನ್ನು ತಂದು ಕಟ್ಟಿರಿ.

ಈ) ಮಿತ್ರಕೀಟಗಳಿರುವ ಹೊಲದಿಂದ ನಲವತ್ತು ಐವತ್ತು ಡೈಫಾ ಕೀಡೆ ಅಥವಾ ಕೋಶಗಳನ್ನು ಗರಿಯ ತುಂಡು ಸಮೇತ ಕತ್ತರಿಸಿ ತಂದು, ಒಳಗಿನ ಗರಿಗಳ ಕೆಳಮೈಗೆ ದಾರದಿಂದ ಕಟ್ಟಿರಿ ಇಲ್ಲವೆ ಟಾಚಣಿಯಿಂದ ಚುಚ್ಚಿರಿ.

ಉ) ಮೂರು ವಾರಗಳ ನಂತರ ದಿನ ಬಿಟ್ಟು ದಿನ ನೋಡುತ್ತಿರಿ. ಕೀಡೆ ಮತ್ತು ಕೋಶಗಳು ಹೆಚ್ಚಿ, ಹೇನು ಮುಗಿಯುವ ಮೊದಲೇ ಗರಿಗಳನ್ನು ಕತ್ತರಿಸಿ ತೆಗೆಯಲು ಪ್ರಾರಂಭಿಸಿರಿ. ತಡಮಾಡಿದರೆ ಆಹಾರವಿಲ್ಲದೆ ಕೀಡೆಗಳು ಸಾಯುತ್ತವೆ.

ಊ) ಎಲ್ಲವನ್ನೂ ತೆಗೆಯಬೇಡಿರಿ. ಮೊಸರು ಖರ್ಚಾದರೂ ಹೆಪ್ಪಿಗೆಂದು ಒಂದು ಚಮಚ ಉಳಿಸುವ ಹಾಗೆ, ಕೆಲವು ಹೇನು ಗರಿಗಳನ್ನೂ ಕೆಲವು ಕೀಡೆಗಳನ್ನೂ ಉಳಿಸಿರಿ. ಮುಂದಿನ ತಂಡ ಅದರಿಂದಲೇ ಬರಬೇಕು.

ಮೈಕ್ರೋಮಸ್ ಕೀಟವನ್ನೂ ಇದೇ ರೀತಿಯಲ್ಲಿ ಹೆಚ್ಚಿಸಬಹುದು. ಆದರೆ ಎರಡನ್ನೂ ಒಂದೇ ಪರದೆಯಲ್ಲಿ ಇಡುವುದಕ್ಕಿಂತ ಬೇರೆ ಬೇರೆ ಇಡುವುದು ಒಳ್ಳೆಯದು.

ಬಿಡುವ ಪ್ರಮಾಣ

ಹೆಕ್ಟೇರಿಗೆ 1,000 ಡೈಫಾ ಕೀಡೆ ಅಥವಾ ಕೋಶ, ಇಲ್ಲವೆ 2,500 ಮೈಕ್ರೋಮಸ್ ಮರಿ ಅಥವಾ ಕೋಶ ಬಿಡಬೇಕು. ಎಕರೆಯ ಲೆಕ್ಕದಲ್ಲಿ ಇದು 400 ಡೈಫಾ ಅಥವಾ 1,000 ಮೈಕ್ರೋಮಸ್ ಆಗುತ್ತದೆ. ಎಂದರೆ ಗುಂಟೆಗೆ 10 ಡೈಫಾ ಅಥವಾ 25 ಮೈಕ್ರೋಮಸ್. ಈ ಗುಂಟೆಯ ಲೆಕ್ಕವನ್ನು ನೆನಪಿಟ್ಟರೆ ಸಾಕು.

ಗರಿಯ ತುಂಡುಗಳನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಸಡಿಲವಾಗಿ ಇಟ್ಟು ಒಯ್ಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವೆತು ಸಾಯುತ್ತವೆ. ಕತ್ತರಿಸಿದ ದಿನವೇ, ಬೆಳಗಿನ ಹೊತ್ತು ಅಥವಾ ಇಳಿಹೊತ್ತಿನಲ್ಲಿ, ಹೇನು ಇರುವ ಗರಿಗಳ ಕೆಳಮೈಗೆ ತಾಗುವಂತೆ ಕಟ್ಟಬೇಕು. ಒಂದೇ ಕಡೆ ಗುಡ್ಡೆ ಹಾಕದೆ ಹೊಲದ ತುಂಬ ಹಂಚಬೇಕು.

ಬಿಟ್ಟ ಮೇಲೆ

ಇಲ್ಲಿಯೇ ರೈತರ ತಾಳ್ಮೆಯ ಪರೀಕ್ಷೆ. ಹುಳು ಬಿಟ್ಟ ಮರುದಿನ ಹೇನು ಮಾಯವಾಗುವುದಿಲ್ಲ. ಮೊದಲ ಎರಡು ವಾರ ಹೇನು ಇನ್ನೂ ಹೆಚ್ಚಿದಂತೆಯೇ ಕಾಣಬಹುದು. ಆಗ ಹೆದರಿ ಔಷಧ ಹೊಡೆದರೆ ಮಾಡಿದ ಕೆಲಸವೆಲ್ಲ ನೀರುಪಾಲು.

ವಾರಕ್ಕೊಮ್ಮೆ ಹೊಲದ ಇಪ್ಪತ್ತು ಕಡೆ ಒಂದೊಂದು ಗರಿ ಮಗುಚಿ ನೋಡಿ, ಹೇನು ಇರುವ ಗರಿ ಎಷ್ಟು, ಅವುಗಳಲ್ಲಿ ಮಿತ್ರಕೀಟ ಇರುವ ಗರಿ ಎಷ್ಟು ಎಂದು ಬರೆದಿಡಿರಿ. ವಾರದಿಂದ ವಾರಕ್ಕೆ ಎರಡನೆಯ ಸಂಖ್ಯೆ ಏರುತ್ತಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಏರದೆ ಇದ್ದರೆ ಅಂಥ ಕಡೆ ಇನ್ನೊಮ್ಮೆ ಹುಳು ಬಿಡಿರಿ.

ಬಿಳಿ ಉಣ್ಣೆ ಕಂಡ ಮಾತ್ರಕ್ಕೆ ಹೇನು ಬದುಕಿದೆ ಎನ್ನಲಾಗದು. ಹುಳು ತಿಂದು ಮುಗಿಸಿದ ಮೇಲೂ ಉಣ್ಣೆ ಗರಿಗೆ ಅಂಟಿಕೊಂಡಿರುತ್ತದೆ. ಬೆರಳಿನಿಂದ ಒರೆಸಿ ನೋಡಿರಿ. ಬೆರಳಿಗೆ ಹಸಿ ಅಂಟಿದರೆ ಹೇನು ಇದೆ. ಒಣ ಪುಡಿ ಮಾತ್ರ ಬಂದರೆ ಹಿಂಡು ಖಾಲಿಯಾಗಿದೆ.

ಜೊತೆಗೆ ಮಾಡಬೇಕಾದ ಕೆಲಸಗಳು

* ಹೇನು ಇರುವ ಹೊಲದ ಬೀಜದ ಕಬ್ಬನ್ನು ಗರಿ ಸಮೇತ ಸಾಗಿಸಬಾರದು. ವಾಡೆಯನ್ನು ಮೇವಿಗೆಂದು ಬೇರೆ ಊರಿಗೆ ಒಯ್ಯಬಾರದು.
* ಸಾಲಿನ ಅಂತರ ನಾಲ್ಕೈದು ಅಡಿ ಇರಲಿ. ಗಾಳಿ ಬೆಳಕು ಆಡುವ ಕಬ್ಬಿನಲ್ಲಿ ಹೇನು ಕಡಿಮೆ, ಒಳಗೆ ಹೋಗಿ ನೋಡುವುದೂ ಸುಲಭ.
* ಯೂರಿಯಾವನ್ನು ಮಣ್ಣು ಪರೀಕ್ಷೆಯ ಶಿಫಾರಸಿಗಿಂತ ಹೆಚ್ಚು ಹಾಕಬಾರದು. ಸೊಕ್ಕಿದ ಹಸಿರು ಗರಿ ಹೇನಿಗೆ ಹಬ್ಬದೂಟ.
* ಹೊಲದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ಮಾಡಿರಿ.
* ಕಟಾವಿನ ನಂತರ ರವದಿಗೆ ಬೆಂಕಿ ಇಡಬಾರದು. ಅದರಲ್ಲಿ ಜೇಡಗಳು ಮತ್ತು ಇತರ ಮಿತ್ರಕೀಟಗಳು ಆಶ್ರಯ ಪಡೆದಿರುತ್ತವೆ. ರವದಿಯನ್ನು ಸಾಲುಗಳ ನಡುವೆ ಹಾಸಿದರೆ ಕುಳೆ ಕಬ್ಬಿಗೆ ತೇವವೂ ಉಳಿಯುತ್ತದೆ.

ರೈತರು ಕೇಳುವ ಪ್ರಶ್ನೆಗಳು

ಹೇನು ಮುಗಿದ ಮೇಲೆ ಈ ಹುಳುಗಳು ಕಬ್ಬನ್ನು ತಿನ್ನುವುದಿಲ್ಲವೇ?
ಇಲ್ಲ. ಡೈಫಾ ಕೀಡೆಗೂ ಮೈಕ್ರೋಮಸ್ ಮರಿಗೂ ಗರಿ ಆಹಾರವಲ್ಲ. ಹೇನು ಮುಗಿದರೆ ಪತಂಗಗಳು ಹೇನು ಇರುವ ಕಡೆ ಹಾರಿಹೋಗುತ್ತವೆ.

ಪಕ್ಕದವರು ಔಷಧ ಹೊಡೆದರೆ ನಾನೊಬ್ಬ ಸಾಕಿ ಏನು ಪ್ರಯೋಜನ?
ಪ್ರಯೋಜನವಿದೆ, ಆದರೆ ಕಡಿಮೆ. ಹೇನಾಗಲಿ ಹುಳುವಾಗಲಿ ಬದುವನ್ನು ಲೆಕ್ಕಿಸುವುದಿಲ್ಲ. ಒಂದೇ ಕಾಲುವೆಯ ಅಥವಾ ಒಂದೇ ಏತ ನೀರಾವರಿಯ ರೈತರು ಕೂಡಿ ನಾಲ್ಕೈದು ಪರದೆಗಳನ್ನು ಕಟ್ಟಿಕೊಂಡರೆ ಇಡೀ ದಂಡೆಗೆ ಹುಳು ಸಿಗುತ್ತದೆ.

ಔಷಧವನ್ನು ಎಂದೂ ಹೊಡೆಯಲೇಬಾರದೇ?
ಎಳೆಯ ಕಬ್ಬಿನಲ್ಲಿ ಹೇನು ಆಗತಾನೆ ಒಂದೆರಡು ಕಡೆ ಕಂಡಿದ್ದು, ಮಿತ್ರಕೀಟ ಒಂದೂ ಇಲ್ಲದಿದ್ದರೆ ಆ ಗರಿಗಳನ್ನು ಕಿತ್ತು ಸುಡುವುದೇ ಮೇಲು. ಅದೂ ಸಾಲದಿದ್ದರೆ ತಜ್ಞರನ್ನು ಕೇಳಿ ಆ ಜಾಗಕ್ಕಷ್ಟೇ ಸಿಂಪಡಿಸಿರಿ. ಮಿತ್ರಕೀಟ ಕಂಡ ತಾಕಿಗೆ ಹೊಡೆಯಬಾರದು.

ಕೊನೆಯ ಮಾತು

ಬೀಜದ ಕಬ್ಬಿಗೆಂದು ಒಳ್ಳೆಯ ತಾಕನ್ನು ಮೀಸಲಿಡುವುದು ನಿಮಗೆ ರೂಢಿ. ಹುಳುವಿನ ಬೀಜಕ್ಕೂ ಒಂದು ಗುಂಟೆ ಮೀಸಲಿಡಿರಿ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ತಾಲೂಕುಗಳ ಕಬ್ಬು ಬೆಳೆಗಾರರು ಮಳೆಗಾಲಕ್ಕೆ ಮೊದಲೇ ಬಿದಿರು, ಪರದೆ ಸಿದ್ಧ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಹುಳು ಗುರುತಿಸುವಲ್ಲಿ ಸಂಶಯ ಬಂದರೆ ಗರಿಯ ತುಂಡನ್ನು ಹುಳು ಸಮೇತ ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಿರಿ. ಅಲ್ಲಿಯವರೆಗೆ ಅದನ್ನು ಹೊಸಕಬೇಡಿರಿ.